ನಂಜಿಗೆ ಚಂದಾ ಎತ್ತುವ ಮೊದಲು

ನಮ್ಮ ಪುಟ್ಟೇನಹಳ್ಳಿಯ ವಾಟ್ಸ್ಯಾಪ್ ಗುಂಪುಗಳಿಗೆ ತಿಂಗಳಿಗೊಂದಾದರೂ ಅಂಥ ಚಿತ್ರ ಬಂದು ಬೀಳುತ್ತದೆ. ಬಾಯಿ ಮೂಗಿಗೆಲ್ಲ ನಳಿಗೆ ಸಿಕ್ಕಿಸಿಕೊಂಡು ಮಲಗಿರುವ ಒಂದು ಜೀವ, ಕೆಳಗೆ ಕ್ಯೂಆರ್ ಕೋಡು, ಆಸ್ಪತ್ರೆಯ ಅಂದಾಜು ಪಟ್ಟಿ, ‘ದಯವಿಟ್ಟು ನಿಮ್ಮ ಗುಂಪುಗಳಿಗೆಲ್ಲ ಕಳಿಸಿ’ ಎಂಬ ಸಾಲು. ರೋಗದ ಹೆಸರಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ಎರಡು ಪದ: ಸೆಪ್ಟಿಕ್ ಶಾಕ್. ನಾವು ನೂರು, ಇನ್ನೂರು, ಐನೂರು ಕಳಿಸುತ್ತೇವೆ, ಕೈಮುಗಿಯುವ ಚಿತ್ರ ಒತ್ತುತ್ತೇವೆ, ಗುಂಪು ಮತ್ತೆ ನೀರಿನ ಟ್ಯಾಂಕರಿನ ಜಗಳಕ್ಕೆ ಮರಳುತ್ತದೆ. ಆ ಜೀವ ಏನಾಯಿತು ಎಂದು ವಾರ ಕಳೆದ ಮೇಲೆ ಕೇಳಿದವರನ್ನು ನಾನು ನೋಡಿಲ್ಲ. (ಪುಟ್ಟೇನಹಳ್ಳಿ ಎಂದರೆ ಜೆ.ಪಿ. ನಗರದ್ದಲ್ಲ, ಯಲಹಂಕದ್ದು. ನಮ್ಮದಕ್ಕೂ ಒಂದು ಕೆರೆಯಿದೆ, ಅದರ ಮಾತು ಮುಂದೆ ಬರುತ್ತದೆ.)

ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳುವವರ ಮೇಲಂತೂ ಇಲ್ಲವೇ ಇಲ್ಲ. ಐಸಿಯುವಿನ ಹೊರಗಿನ ಕುರ್ಚಿಯಲ್ಲಿ ಮೂರು ರಾತ್ರಿ ಕೂತವರಿಗೆ ಮಾನ ಮರ್ಯಾದೆಯ ಪಾಠ ಹೇಳುವ ಕಲ್ಲುಮನಸ್ಸು ಯಾರಿಗೂ ಬರದಿರಲಿ. ನನ್ನ ಸಿಟ್ಟು ನಾವು ಐನೂರು ರೂಪಾಯಿಗೆ ಕೊಂಡುಕೊಳ್ಳುವ ನೆಮ್ಮದಿಯ ಮೇಲೆ. ಸೆಪ್ಸಿಸ್ ಬಂದವರಿಗಾಗಿ ಈ ಊರಿನಲ್ಲಿ ಎತ್ತುವ ಹಣವೆಲ್ಲ ರೋಗದ ಕೊನೆಯ ಮೆಟ್ಟಿಲಿನಲ್ಲಿ ಸುರಿದುಹೋಗುತ್ತದೆ. ಮೊದಲ ಮೆಟ್ಟಿಲಿನಲ್ಲಿ, ಎಂದರೆ ಜ್ವರ ಬಂದ ಮೊದಲ ದಿನ, ಕಾಲು ಬಾತುಕೊಂಡ ಎರಡನೆಯ ದಿನ, ಯಾರ ಹಣವೂ ಇಲ್ಲ, ಯಾರ ಗಮನವೂ ಇಲ್ಲ. ಬದುಕಿ ಮನೆಗೆ ಮರಳಿದವರ ಪಾಡಿಗಂತೂ ಕ್ಯೂಆರ್ ಕೋಡೇ ಇಲ್ಲ.

ಕನ್ನಡಕ್ಕೆ ಈ ರೋಗ ಗೊತ್ತಿರಲಿಲ್ಲ ಎಂದೇನಲ್ಲ. ನಂಜು ಎಂಬ ಪದ ನಮ್ಮಲ್ಲಿದೆ. ಮುಳ್ಳು ಚುಚ್ಚಿದ ಕಾಲು ಕೆಂಪಾಗಿ ಬಾತರೆ ಅಜ್ಜಿಯರು ‘ನಂಜಾಗಿದೆ’ ಎನ್ನುತ್ತಿದ್ದರು. ಗಾಯ ಮಾಯುವವರೆಗೆ ಬದನೆಕಾಯಿ ನಂಜು ಎಂದು ಬಿಡಿಸುತ್ತಿದ್ದರು (ಅದರಿಂದ ಉಪಯೋಗವೇನೂ ಇರಲಿಲ್ಲ, ಆ ಮಾತು ಬೇರೆ). ಹೆತ್ತವಳಿಗೆ ಜ್ವರ ಏರಿ ಬಡಬಡಿಸತೊಡಗಿದರೆ ಬಾಣಂತಿ ಸನ್ನಿ ಎನ್ನುತ್ತಿದ್ದರು, ಮನೆಯವರ ಮುಖ ಬಿಳಿಚಿಕೊಳ್ಳುತ್ತಿತ್ತು. ನಂಜನಗೂಡಿನ ದೇವರಿಗೆ ನಂಜುಂಡನೆಂದು ಹೆಸರಿಟ್ಟು ವೈದ್ಯನ ಪಟ್ಟ ಕಟ್ಟಿದ್ದೇವೆ. ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಕತೆಯನ್ನು ಅಲ್ಲಿ ಇವತ್ತಿಗೂ ಹೇಳುತ್ತಾರೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಂಜುನಿರೋಧಕ ಎಂಬ ಪದ ಓದಿ ಬೆಳೆದವರು ನಾವು.

ಆಸ್ಪತ್ರೆಯ ಬಾಗಿಲು ದಾಟಿದೊಡನೆ ಈ ಪದ ಸತ್ತುಹೋಗುತ್ತದೆ. ಒಳಗೆ ‘ಇನ್‌ಫೆಕ್ಷನ್ ಬ್ಲಡ್ಡಿಗೆ ಸ್ಪ್ರೆಡ್ ಆಗಿದೆ’. ಮನೆಯವರಿಗೆ ಹೇಳುವುದು ‘ತುಂಬ ಸೀರಿಯಸ್ಸು’. ಮರುದಿನದ ಪತ್ರಿಕೆಯಲ್ಲಿ ‘ಬಹು ಅಂಗಾಂಗ ವೈಫಲ್ಯದಿಂದ ನಿಧನರಾದರು’. ಅಂಗಾಂಗಗಳು ಒಂದು ಬೆಳಿಗ್ಗೆ ಎದ್ದು ತಾವಾಗಿಯೇ ವಿಫಲವಾಗುವುದಿಲ್ಲ. ಅವನ್ನು ಕೆಡಿಸಿದ್ದು ಏನು, ಅದು ಎಲ್ಲಿಂದ ಹತ್ತಿತು, ಯಾವ ದಿನ ಹಿಡಿದಿದ್ದರೆ ನಿಲ್ಲುತ್ತಿತ್ತು ಎಂಬ ಪ್ರಶ್ನೆಗಳನ್ನೆಲ್ಲ ಆ ಮೂರು ಪದ ಮಣ್ಣು ಮಾಡುತ್ತವೆ. ಸತ್ತವರ ದಾಖಲೆಯ ಕತೆಯೂ ಹಾಗೆಯೇ. 2020ರಲ್ಲಿ ದೇಶದಲ್ಲಿ ನೋಂದಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ಉಳಿದವರು ಯಾಕೆ ಸತ್ತರೆಂದು ದಾಖಲೆಗೆ ಗೊತ್ತಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಅದಕ್ಕೆ ಪ್ಲೇಗಮ್ಮ ಎಂದು ಹೆಸರಿಟ್ಟು ಗುಡಿ ಕಟ್ಟಿದರು, ಸರ್ಕಾರ ಬಸವನಗುಡಿ ಮಲ್ಲೇಶ್ವರಗಳನ್ನು ಕಟ್ಟಿತು. ಹೆಸರಿದ್ದ ರೋಗಕ್ಕೆ ಗುಡಿಯೂ ಸಿಕ್ಕಿತು, ಬಡಾವಣೆಯೂ ಸಿಕ್ಕಿತು. ಸೆಪ್ಸಿಸ್ಸಿಗೆ ಸಿಕ್ಕಿರುವುದು ಒಂದು ದಿನಾಚರಣೆ.

ಹಾಗಾದರೆ ಇದೇನು? ಸೋಂಕು ಎಲ್ಲಿಂದಲಾದರೂ ಹತ್ತಬಹುದು: ಪುಪ್ಪುಸ, ಮೂತ್ರನಾಳ, ಹೊಟ್ಟೆ, ಕಾಲಿನ ಹುಣ್ಣು, ಸಿಸೇರಿಯನ್ ಗಾಯ. ದೇಹ ಅದರ ವಿರುದ್ಧ ಕಾದಾಡುತ್ತ ಹತೋಟಿ ತಪ್ಪಿ ತನ್ನದೇ ಮನೆಗೆ ಬೆಂಕಿ ಇಟ್ಟುಕೊಳ್ಳುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಿದುಳು ಮಂಕಾಗುತ್ತದೆ. ಕ್ರಿಮಿ ಯಾವುದಾದರೂ ಇರಲಿ, ಡೆಂಗಿಯಾಗಲಿ ಕೋವಿಡ್ಡಾಗಲಿ ಸಾಮಾನ್ಯ ನ್ಯುಮೋನಿಯಾ ಆಗಲಿ, ಕೊಲ್ಲುವ ದಾರಿ ಬಹುಮಟ್ಟಿಗೆ ಇದೇ. 2020ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ 2017ರಲ್ಲಿ ಜಗತ್ತಿನಲ್ಲಿ 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ಆಯಿತು, 1 ಕೋಟಿ 10 ಲಕ್ಷ ಜನ ಸತ್ತರು. ಎಂದರೆ ಭೂಮಿಯ ಮೇಲಿನ ಐದು ಸಾವಿಗೆ ಒಂದು. ಅದರಲ್ಲಿ ಭಾರತದ ಪಾಲು ಸುಮಾರು 29 ಲಕ್ಷ. ಈ ಲೆಕ್ಕವನ್ನು ಇನ್ನೊಮ್ಮೆ ಓದಿಕೊಂಡು, ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕೆ ಸೆಪ್ಸಿಸ್ ಎಂದರೇನೆಂದು ಗೊತ್ತಿದೆ ಎಂದು ಕೇಳಿನೋಡಿ.

ಎದೆನೋವಿನ ವಿಷಯದಲ್ಲಿ ನಾವು ಹೀಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನಾಡಿನ ಹಟ್ಟಿ ಹಟ್ಟಿಗೂ ಒಂದು ಮಾತು ತಲುಪಿತು: ಎದೆ ಹಿಡಿದುಕೊಂಡರೆ ಗ್ಯಾಸೆಂದು ಕೂರಬೇಡಿ. ಸರ್ಕಾರ 2023ರಲ್ಲಿ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ದೂರದ ದೊಡ್ಡಾಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ; ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಹಾಕುತ್ತಾರೆ. ಒಳ್ಳೆಯ ಯೋಜನೆ, ನನ್ನದೇನೂ ತಕರಾರಿಲ್ಲ. ಆದರೆ ನೋಡಿ, ಸೆಪ್ಸಿಸ್ಸಿನ ಮೊದಲ ಗಂಟೆಗೆ ಬೇಕಾದ ಸಾಮಾನು ಇದಕ್ಕಿಂತ ಎಷ್ಟೋ ಅಗ್ಗ. ರಕ್ತ ತೆಗೆದು ಕಲ್ಚರಿಗೆ ಕಳಿಸಬೇಕು, ರಕ್ತನಾಳಕ್ಕೆ ದ್ರವ ಏರಿಸಬೇಕು, ಸರಿಯಾದ ಆ್ಯಂಟಿಬಯಾಟಿಕ್ ಕೊಡಬೇಕು, ಬಿಪಿ, ಉಸಿರು ಮತ್ತು ಮೂತ್ರದ ಲೆಕ್ಕ ಇಡಬೇಕು. ಹೃದಯಕ್ಕೆ ಸಾಧ್ಯವಾದದ್ದು ನಂಜಿಗೆ ಯಾಕೆ ಆಗುವುದಿಲ್ಲ? ನನಗೆ ತೋಚುವ ಕಾರಣ ಇಷ್ಟೇ: ಎದೆನೋವು ಬಡವ ಬಲ್ಲಿದ ನೋಡುವುದಿಲ್ಲ ಎಂದು ಎಲ್ಲರೂ ಹೆದರುತ್ತಾರೆ, ನಂಜು ಬಾಣಂತಿಯರದ್ದು, ಹಸುಗೂಸುಗಳದ್ದು, ಮುದುಕರದ್ದು, ಸಕ್ಕರೆ ಕಾಯಿಲೆಯ ಕೂಲಿಯವರದ್ದು ಎಂಬ ಭಾವನೆ ನಮ್ಮೊಳಗೆಲ್ಲೋ ಕೂತಿದೆ. ನಮಗೆ ಬರುವುದಿಲ್ಲವೆಂದು ನಂಬಿಕೊಂಡ ರೋಗಕ್ಕೆ ನಾವು ದಾನ ಕೊಡುತ್ತೇವೆ, ಹಕ್ಕು ಕೇಳುವುದಿಲ್ಲ.

ನ್ಯೂಯಾರ್ಕಿನ ರೋರಿ ಸ್ಟಾಂಟನ್ ಎಂಬ 12 ವರ್ಷದ ಹುಡುಗ 2012ರ ಮಾರ್ಚ್ ಕೊನೆಯ ವಾರ ಶಾಲೆಯ ಜಿಮ್ಮಿನಲ್ಲಿ ಬಿದ್ದು ಮೊಣಕೈ ತರಚಿಕೊಂಡ. ಜ್ವರ ವಾಂತಿ ಶುರುವಾದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ದ್ರವ ಏರಿಸಿ, ವಾಂತಿಗೆ ಔಷಧಿ ಕೊಟ್ಟು ಮನೆಗೆ ಕಳಿಸಿದರು. ನಂಜನ್ನು ಸಾರಿ ಹೇಳುತ್ತಿದ್ದ ರಕ್ತಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಹುಡುಗ ಮನೆಯಲ್ಲಿದ್ದ. ಏಪ್ರಿಲ್ 1ಕ್ಕೆ ತೀರಿಕೊಂಡ. ತಂದೆತಾಯಿ ಮಗನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ, ಸರ್ಕಾರದ ಬಾಗಿಲಿಗೆ ಹೋಗಿ ಕೂತರು. 2013ರಲ್ಲಿ ಆ ರಾಜ್ಯ ಎಲ್ಲ ಆಸ್ಪತ್ರೆಗಳಿಗೂ ನಿಯಮ ಮಾಡಿತು: ಸೆಪ್ಸಿಸ್ ಗುರುತಿಸಿ ಚಿಕಿತ್ಸೆ ಕೊಡುವ ಕ್ರಮ ಲಿಖಿತವಾಗಿರಬೇಕು, ಎಷ್ಟು ಜನಕ್ಕೆ ಏನಾಯಿತೆಂಬ ಲೆಕ್ಕ ಸರ್ಕಾರಕ್ಕೆ ಒಪ್ಪಿಸಬೇಕು. ಅದಕ್ಕೆ ರೋರಿಯ ನಿಯಮಗಳೆಂದೇ ಹೆಸರು. ಇದನ್ನು ನಾನು ಹಣ ಎತ್ತುವುದೆಂದು ಕರೆಯುತ್ತೇನೆ. ಬಿಳಿ ಟೀ ಶರ್ಟು ಹಂಚಿ, ಕೆರೆ ಏರಿಯ ಮೇಲೆ ನಡೆದು, ಕೊನೆಗೆ ಇಡ್ಲಿ ವಡೆ ತಿಂದು ಫೋಟೋ ಹಾಕಿಕೊಳ್ಳುವುದನ್ನು ಏನೆಂದು ಕರೆಯಬೇಕೋ ತಿಳಿಯದು.

ದೂರದ ಉದಾಹರಣೆ ಯಾಕೆ, ನಮ್ಮ ಬೆಳಗಾವಿಯೇ ಇದೆಯಲ್ಲ. ಹೆರಿಗೆ ನೋವು ಬಂದ ಹೆಂಗಸರಿಗೆ ಅಜಿಥ್ರೋಮೈಸಿನ್ ಎಂಬ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ ಔಷಧಿಯನ್ನು ಒಂದೇ ಒಂದು ಸಲ, 2 ಗ್ರಾಂ, ಬಾಯಿಯ ಮೂಲಕ ಕೊಟ್ಟರೆ ಏನಾಗುತ್ತದೆಂದು ಏಳು ದೇಶಗಳಲ್ಲಿ ಪರೀಕ್ಷಿಸಿದರು. ಭಾರತದಲ್ಲಿ ಇದು ನಡೆದದ್ದು ಬೆಳಗಾವಿ ಮತ್ತು ನಾಗಪುರಗಳ ಕಡೆ. 29 ಸಾವಿರಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಔಷಧಿ ತೆಗೆದುಕೊಂಡವರಲ್ಲಿ ಸೆಪ್ಸಿಸ್ ಅಥವಾ ಸಾವು ನೂರಕ್ಕೆ 1.6, ತೆಗೆದುಕೊಳ್ಳದವರಲ್ಲಿ 2.4. ಮೂರರಲ್ಲೊಂದು ಪಾಲು ಇಳಿಯಿತು. (ಕೂಸುಗಳಿಗೆ ಇದರಿಂದ ವ್ಯತ್ಯಾಸವಾಗಲಿಲ್ಲ, ಅದನ್ನೂ ಹೇಳಬೇಕು.) ಕೂಸುಗಳ ವಿಷಯಕ್ಕೆ ಒಡಿಶಾದ ಹಳ್ಳಿಗಳನ್ನು ನೋಡಿ. ಅಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಒಳ್ಳೆಯ ಬ್ಯಾಕ್ಟೀರಿಯಾದ ಪುಡಿಯನ್ನು ವಾರ ಕಾಲ ಕೊಟ್ಟದ್ದಕ್ಕೆ ಸೆಪ್ಸಿಸ್ ಮತ್ತು ಸಾವು ಶೇಕಡಾ 40ರಷ್ಟು ಕಡಿಮೆಯಾದವು. ನಮ್ಮ ಹೆಂಗಸರು, ನಮ್ಮ ಕೂಸುಗಳು ಜಗತ್ತಿನ ಪುಸ್ತಕಕ್ಕೆ ಪಾಠ ಬರೆದುಕೊಟ್ಟಿದ್ದಾರೆ. ನಾವು ವೆಂಟಿಲೇಟರಿನ ದಿನದ ಬಾಡಿಗೆಗೆ ಚಂದಾ ಎತ್ತುತ್ತಿದ್ದೇವೆ.

ಬಳ್ಳಾರಿಯನ್ನೂ ಇಲ್ಲೇ ನೆನೆಯಬೇಕು. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಹಾಸಿಗೆ ಹಿಡಿದರು, ಐವರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಇದು ಪಠ್ಯಪುಸ್ತಕದ ಸೆಪ್ಸಿಸ್ ಹೌದೋ ಅಲ್ಲವೋ ಎಂಬ ವಾದ ವೈದ್ಯರಿಗಿರಲಿ. ಬ್ಯಾಕ್ಟೀರಿಯಾ ಸತ್ತಿದ್ದರೂ ಅದರ ಮೈಯ ವಿಷದ ಚೂರು ರಕ್ತಕ್ಕೆ ಸೇರಿದರೆ ದೇಹ ಸಿಡಿದೇಳುವ ರೀತಿ ಅದೇ. ಪತ್ರಿಕೆಗಳು ಎರಡು ತಿಂಗಳು ಬರೆದವು, ಟಿವಿಗಳು ಕಿರುಚಿದವು. ನಂಜು ಎಂಬ ಪದ ಆಗಲೂ ಹೊರಗೆ ಬರಲಿಲ್ಲ. ಆ ಐವರ ಕೂಸುಗಳಿಗೆ ಈಗ ನಡೆದಾಡುವ ವಯಸ್ಸು.

ನಮ್ಮ ಬಡಾವಣೆಗೆ ಬರುತ್ತೇನೆ. ದೊಡ್ಡಬಳ್ಳಾಪುರ ರಸ್ತೆಯ ಆಚೀಚೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರುವವರು ರಾಯಚೂರು, ಯಾದಗಿರಿ, ಬಿಹಾರ, ಬಂಗಾಳದವರು. ಒಬ್ಬನ ಕಾಲಿಗೆ ಕಬ್ಬಿಣದ ಸರಳು ಹೊಕ್ಕಿತೆಂದಿಟ್ಟುಕೊಳ್ಳಿ. ಮೇಸ್ತ್ರಿ ಒಂದು ಟಿಟಿ ಇಂಜೆಕ್ಷನ್ ಹಾಕಿಸುತ್ತಾನೆ, ಅದು ಧನುರ್ವಾಯುವಿಗೇ ಹೊರತು ನಂಜಿಗಲ್ಲ. ಮೂರನೆಯ ದಿನ ಚಳಿಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಸುಸ್ತಿಗೆ ಗ್ಲೂಕೋಸು, ಜ್ವರಕ್ಕೆ ಸೊಂಟಕ್ಕೊಂದು ಸೂಜಿ, ಎರಡು ದಿನದ ಗುಳಿಗೆ. ಬಿಪಿ ನೋಡಿದರೋ ಇಲ್ಲವೋ. ಉಸಿರನ್ನು ಎಣಿಸಿದವರಂತೂ ಇಲ್ಲ. ನಿಮಿಷಕ್ಕೆ 22 ದಾಟಿದರೆ ಎಚ್ಚರದ ಗಂಟೆ, ಅದನ್ನು ಎಣಿಸಲು ಗೋಡೆಯ ಗಡಿಯಾರ ಸಾಕು. ಐದನೆಯ ದಿನ ಅವನು ಸಂಬಂಧವಿಲ್ಲದ ಮಾತಾಡುತ್ತಾನೆ, ಕುಡಿದಿದ್ದಾನೆ ಎನ್ನುತ್ತಾರೆ. ಆರನೆಯ ದಿನ 108. ಏಳನೆಯ ದಿನ ಅವನ ಚಿತ್ರ ನಮ್ಮ ಗುಂಪಿಗೆ ಬರುತ್ತದೆ, ಬರುವುದಾದರೆ. ಸ್ಮಾರ್ಟ್‌ಫೋನು, ಇಂಗ್ಲಿಷು ಬಲ್ಲ ಒಬ್ಬ ತಮ್ಮ, ಚೆಂದದ ಒಂದು ಹಳೆಯ ಫೋಟೋ, ಇಷ್ಟಾದರೂ ಇದ್ದವರ ಕತೆಗೆ ಮಾತ್ರ ದಾನ ಹುಟ್ಟುತ್ತದೆ.

ಸರ್ಕಾರಿ ವಿಮೆ ಇದೆಯಲ್ಲ ಎನ್ನುವಿರಿ. ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30. ಬಿಹಾರದಿಂದ ಬಂದವನ ಕಾರ್ಡು ಇಲ್ಲಿ ನಡೆಯುತ್ತದೆಂದು ಅವನಿಗೆ ಹೇಳುವವರು ಯಾರು? ಅದೂ ಇರಲಿ. ಆಸ್ಪತ್ರೆಯಿಂದ ಹೊರಟ ಮೇಲೆ ಹದಿನೈದು ದಿನದ ಔಷಧಿಗೆ ಆ ಯೋಜನೆಯ ಕೈ ಮುಗಿಯುತ್ತದೆ. ಸೆಪ್ಸಿಸ್ ಅಲ್ಲಿಗೆ ಮುಗಿಯುವುದಿಲ್ಲ.

ನನ್ನ ಚಿಕ್ಕಮ್ಮ ಮೂತ್ರದ ಸೋಂಕಿನಿಂದ ಹತ್ತಿದ ಸೆಪ್ಸಿಸ್ಸಿನಿಂದ ಬದುಕಿ ಬಂದವರು. ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಿನಲ್ಲಿ ‘ಸ್ಥಿತಿ ಸ್ಥಿರ’ ಎಂದಿತ್ತು. ಮನೆಗೆ ಬಂದವರಿಗೆ ಬಚ್ಚಲಿನವರೆಗೆ ನಡೆಯಲು ಎರಡು ತಿಂಗಳು ಬೇಕಾಯಿತು. ಕೂದಲು ಉದುರಿತು. ನಲವತ್ತು ವರ್ಷ ಮಾಡಿದ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತು ಅಳುತ್ತಿದ್ದರು. ರಾತ್ರಿ ಐಸಿಯುವಿನ ಬೀಪ್ ಸದ್ದು ಕೇಳಿಸುತ್ತದೆ ಎನ್ನುತ್ತಿದ್ದರು. ಇದೆಲ್ಲ ಈ ರೋಗದ ಬಾಲ ಎಂದು, ಹಲವರಿಗೆ ಹೀಗೆ ಆಗುತ್ತದೆ ಎಂದು, ಆ ಆಸ್ಪತ್ರೆಯಲ್ಲಿ ಒಬ್ಬರೂ ಹೇಳಿ ಕಳಿಸಿರಲಿಲ್ಲ. ನೆಂಟರು ‘ನಾಟಕ’ ಅಂದರು. ಅವರಿಗೆ ಪಿಂಚಣಿ ಇತ್ತು, ಮಕ್ಕಳಿದ್ದರು. ಅದೇ ಗತಿ ಗಾರೆ ಕೆಲಸದವಳಿಗೆ ಬಂದರೆ? ಮೂರು ತಿಂಗಳ ಕೂಲಿ ಹೋಯಿತು, ಸಾಲ ಬೆಳೆಯಿತು, ದೊಡ್ಡ ಮಗಳು ಶಾಲೆ ಬಿಟ್ಟಳು. ಇದನ್ನು ಯಾವ ಚಂದಾ ಪಟ್ಟಿಯಲ್ಲೂ ನಾನು ನೋಡಿಲ್ಲ. ನಳಿಗೆ ಸಿಕ್ಕಿಸಿಕೊಂಡ ಮುಖಕ್ಕೆ ಹಣ ಬರುತ್ತದೆ. ಗೋಡೆ ಹಿಡಿದು ನಡೆಯುವವರ ಮುಖ ಫೋಟೋಗೆ ಒಗ್ಗುವುದಿಲ್ಲ.

ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಡಾಕ್ಟರರೊಬ್ಬರು ನನಗೆ ಹೇಳಿದರು: ಜನರನ್ನು ಹೀಗೆ ಹೆದರಿಸಿದರೆ ಪ್ರತಿ ಶೀತಕ್ಕೂ ಆ್ಯಂಟಿಬಯಾಟಿಕ್ ಕೇಳುತ್ತಾರೆ, ಈಗಾಗಲೇ ಔಷಧಿಗಳು ನಾಟುತ್ತಿಲ್ಲ. ಮಾತು ನಿಜ. ಆದರೆ ಶೀತಕ್ಕೆ ಕೊಡುವುದೂ ನಂಜಿಗೆ ತಡಮಾಡುವುದೂ ಒಂದೇ ಅಜ್ಞಾನದ ಎರಡು ಮಕ್ಕಳು. ಅಂತರರಾಷ್ಟ್ರೀಯ ಮಾರ್ಗಸೂಚಿ 2021ರಲ್ಲೇ ಇದನ್ನು ಬಿಡಿಸಿ ಹೇಳಿದೆ: ಶಾಕ್ ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್, ಬರೀ ಅನುಮಾನವಿದ್ದು ಶಾಕ್ ಇಲ್ಲದಿದ್ದರೆ ಬೇಗ ಪರೀಕ್ಷೆ ಮಾಡಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ. ಅಂದಹಾಗೆ, ಹಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು 2014ರ ಮಾರ್ಚಿನಿಂದ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಮ್ಮ ಬೀದಿಯ ಅಂಗಡಿಯಲ್ಲಿ ಆ ಪುಸ್ತಕ ತೋರಿಸಿ ಎಂದು ಕೇಳಿ, ಅಂಗಡಿಯವರ ಮುಖ ನೋಡಿ.

ಇನ್ನೊಂದು ಆಕ್ಷೇಪಣೆ ಗೆಳೆಯರದ್ದು: ಈಗ ಸಾಯುತ್ತಿರುವವನಿಗೆ ಕೊಡಬೇಡ ಎನ್ನುತ್ತೀಯಾ? ಅಲ್ಲ. ಕೊಡಿ. ಆದರೆ ಅದನ್ನು ಸೆಪ್ಸಿಸ್ ಜಾಗೃತಿ ಎಂದು ಕರೆಯಬೇಡಿ. ಅದು ನೆರೆಮನೆಗೆ ಅಕ್ಕಿ ಕೊಟ್ಟಂತೆ, ಒಳ್ಳೆಯ ಕೆಲಸ, ಅಷ್ಟೇ. ಬರದ ಮೇಲಿನ ಹೋರಾಟ ಬೇರೆ. 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಸೆಪ್ಸಿಸ್ ಬಗ್ಗೆ ನಿರ್ಣಯ ಅಂಗೀಕರಿಸಿ, ಅದರ ತಡೆ, ಪತ್ತೆ, ಚಿಕಿತ್ಸೆಗಳನ್ನು ತಂತಮ್ಮ ಆರೋಗ್ಯ ವ್ಯವಸ್ಥೆಯೊಳಗೆ ತರಬೇಕೆಂದು ಸದಸ್ಯ ದೇಶಗಳನ್ನು ಕೇಳಿಕೊಂಡಿತು. ನಮ್ಮದೂ ಸದಸ್ಯ ದೇಶವೇ. ಶಾಸಕರ ಜನಸಂಪರ್ಕ ಸಭೆಯಲ್ಲಿ ನಾವು ಚರಂಡಿ ಕೇಳುತ್ತೇವೆ, ಬೀದಿ ದೀಪ ಕೇಳುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬ್ಲಡ್ ಕಲ್ಚರ್ ತೆಗೆಯುತ್ತೀರಾ ಎಂದು ಕೇಳಿದವರುಂಟೇ?

ಈಗ ಕೆರೆಯ ಮಾತು. ನಮ್ಮ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. ಅದಕ್ಕೆ ಮೊದಲು ಅಲ್ಲಿದ್ದದ್ದೆಲ್ಲ ನಮಗೆ ‘ಕೊಕ್ಕರೆ’. ಯಾರೋ ಹಟ ಹಿಡಿದು ಬೆಳಗಾಗೆದ್ದು ಹೋಗಿ ಒಂದೊಂದಕ್ಕೂ ಹೆಸರು ಹಿಡಿದರು, ಲೆಕ್ಕ ಬರೆದರು, ಆ ಲೆಕ್ಕವನ್ನು ಕಚೇರಿಗಳಿಗೆ ಹೊತ್ತರು. ಹೆಸರಿಲ್ಲದ ಹಕ್ಕಿಯನ್ನು ಉಳಿಸಿ ಎಂದರೆ ಯಾವ ಅಧಿಕಾರಿಯೂ ಕಡತ ತೆರೆಯುತ್ತಿರಲಿಲ್ಲ.

ಸೆಪ್ಟೆಂಬರ್ 13 ವಿಶ್ವ ಸೆಪ್ಸಿಸ್ ದಿನ. ಈ ಸಲ ನಡಿಗೆ ಇಟ್ಟುಕೊಂಡು ಹಣ ಎತ್ತೋಣ ಎಂದು ನಿವಾಸಿಗಳ ಸಂಘದವರು ಹೇಳಿದ್ದಾರೆ, ಟೀ ಶರ್ಟಿನ ಬಣ್ಣದ ಬಗ್ಗೆ ಮತದಾನವೂ ನಡೆದಿದೆ. ಹಣ ಎತ್ತಿ, ನಾನೂ ಕೊಡುತ್ತೇನೆ. ಖರ್ಚಿಗೆ ನಾನು ಬರೆದು ಕೊಟ್ಟಿರುವ ಬಾಬ್ತು ಹೀಗಿದೆ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯರಿಗೆಲ್ಲ ಥರ್ಮಾಮೀಟರು, ಪಲ್ಸ್ ಆಕ್ಸಿಮೀಟರು, ಬಿಪಿ ಯಂತ್ರ. ಅವುಗಳ ಜೊತೆಗೆ ಅವರ ಒಂದು ದಿನದ ತರಬೇತಿಗೆ ಕೂಲಿ, ಏಕೆಂದರೆ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತು ಗೌರವಧನ ಕೇಳಿದ ಹೆಂಗಸರಿಂದ ಪುಕ್ಕಟೆ ಸೇವೆ ಬಯಸುವುದು ನಾಚಿಕೆಗೇಡು. ಸೆಪ್ಸಿಸ್ಸಿನಿಂದ ಬದುಕಿ ಬಂದ ಕೂಲಿಯವರಿಗೆ ಮೂರು ತಿಂಗಳ ದಿನಗೂಲಿ, ಫೋಟೋ ಕೇಳದೆ, ಡಿಸ್ಚಾರ್ಜ್ ಸಮ್ಮರಿ ನೋಡಿ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಹತ್ತು ಹತ್ತು ರೂಪಾಯಿ: ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಎಲ್ಲೆಲ್ಲಿ ಕಲ್ಚರ್ ಸೌಲಭ್ಯವಿದೆ, ಬಾಣಂತಿಯರ ಸಾವಿನ ಪರಿಶೀಲನೆಯಲ್ಲಿ ಎಷ್ಟಕ್ಕೆ ಸೆಪ್ಸಿಸ್ ಎಂದು ಬರೆದಿದ್ದಾರೆ. ಉಳಿದದ್ದರಲ್ಲಿ ಒಂದು ಪುಟದ ಚೀಟಿ, ಕನ್ನಡ, ತೆಲುಗು, ಹಿಂದಿ, ಬಂಗಾಳಿಗಳಲ್ಲಿ, ಶೆಡ್ಡುಗಳ ಬಾಗಿಲಿಗೂ ಮೆಡಿಕಲ್ ಶಾಪುಗಳ ಗಾಜಿಗೂ ಅಂಟಿಸಲು. ಅದರಲ್ಲಿ ಇಷ್ಟೇ ಇರಲಿ: ಗಾಯ ಅಥವಾ ಜ್ವರ ಇದ್ದವರು ನಡುಗುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಮಾತು ತಪ್ಪುತ್ತಿದ್ದರೆ, ಬೆಳಗಿನಿಂದ ಮೂತ್ರ ಹೋಗದಿದ್ದರೆ, ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆ ಮಚ್ಚೆಯಾಗಿದ್ದರೆ, ಕೂಸು ಮೊಲೆ ಕುಡಿಯದೆ ತಣ್ಣಗೆ ಮಲಗಿದ್ದರೆ, ಗ್ಲೂಕೋಸ್ ಏರಿಸಿಕೊಂಡು ಮನೆಗೆ ಬರಬೇಡಿ. ಮುದುಕರಿಗೆ ಜ್ವರ ಇಲ್ಲದೆಯೂ ಹೀಗಾಗಬಹುದು. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಕೇಳಿ: ಇದು ನಂಜೇ?